ಅಪ್ಪನ ರೇಜರ್ ಮಗನ ಗಲ್ಲಕ್ಕ ಹೊಂದಬೇಕಂತೇನಿಲ್ಲ

ಈಗಿನ ಹುಡುಗೂರಿಗೆ ಅಜ್ಜನ ಕಾಲದ ಸೇಫ್ಟಿ ರೇಜರಿನ ಹುಚ್ಚು ಹಿಡದದ. ಛಲೋನ ಆತು. ಪ್ಲಾಸ್ಟಿಕ್ ರೇಜರ್ ಮ್ಯಾಲಿಂದ ಮ್ಯಾಲೆ ಕಸದಾಗ ಒಗಿಯೂದ್ಕಿಂತ ಹಿಡಿಕಿ ಹಂಗ ಇಟ್ಟು ಬರೇ ಬ್ಲೇಡ್ ಬದಲಿ ಮಾಡೂದು ಶಾಣ್ಯಾತನ. 1904ರಾಗ ಅಮೆರಿಕದ ಜಿಲೆಟ್ ಪೇಟೆಂಟ್ ಪಡದಿದ್ದು ಇಂಥಾ ರೇಜರಿಗೇನ. ಆದ್ರ ಹೆಸರು, ಹೊಳಪು ನೋಡಿ ಸಾವಿರಗಟ್ಟಲೆ ರೊಕ್ಕ ಸುರಿಯೂದು ನನಗ ಸರಿ ಕಾಣಂಗಿಲ್ಲ. ಮೊದ್ಲ ಮಾರಿ ನೋಡ್ರಿ, ಆಮ್ಯಾಲೆ ರೇಜರ್.

ಬ್ಲೇಡಿಗೂ ಕೆಳಗಿನ ಪಟ್ಟಿಗೂ ನಡುವ ಸಂದಿ ಕಡಿಮಿ ಇದ್ರ ರೇಜರ್ ಮೆತ್ತಗ ಓಡ್ತದ, ಜಾಸ್ತಿ ಇದ್ರ ಜೋರ ಕೆರೀತದ. ದಿನಾ ದಾಡಿ ಮಾಡ್ಕೊಳ್ಳೋರಿಗೆ, ತೆಳು ಚರ್ಮದೋರಿಗೆ ಮೆತ್ತಂದ ಬೇಕು. ಜಿಲೆಟಿನ ಹಳೇ ‘ಟೆಕ್’ ಆ ಜಾತೀದು. ನಾಕ್ ದಿನ ಬಿಟ್ಟ ಒರಟ ಗಡ್ಡಕ್ಕ ಜೋರಿಂದು. ಕೊಳ್ಳೂ ಮುಂದ ಬ್ಲೇಡ್ ಹಾಕಿ ನೋಡ್ರಿ: ಎರಡೂ ಕಡೆ ಸಮಾ ಹೊರಗ ಕಾಣಬೇಕು, ಹಿಡಿಕಿ ಸೀಳಿರಬಾರದು.

ಮಗಗ ಅಪ್ಪನ ಗಡ್ಡ, ಅವ್ವನ ಚರ್ಮ ಬಂದಿರ್ತದ. ಅದಕ್ಕ "ನಿಮ್ಮಪ್ಪಂದ ಅದ, ಅದನ್ನ ವಾಪರ್ಸು" ಅಂತ ಹಟ ಹಿಡೀಬ್ಯಾಡ್ರಿ. ಹೊಸಾ ಬ್ಲೇಡ್ ಹಾಕಿ, ಒತ್ತದ, ರೇಜರಿನ ಭಾರದಲೇ ಒಂದ ವಾರ ಮಾಡ್ಕೊಳ್ಳಿ. ಉರಿ, ಗುಳ್ಳಿ ಎದ್ರ ಬ್ಯಾರೆ ಕಂಪನಿ ಬ್ಲೇಡ್ ಹಾಕಿ ನೋಡ್ಲಿ. ಆಗೂ ನಿಲ್ಲಲಿಲ್ಲಂದ್ರ ಆ ರೇಜರ್ ಆ ಮಾರೀದಲ್ಲ.

ಸಂದೂಕ ಸ್ವಚ್ಛ ಮಾಡೋರು ನಾವ. ಗುಜರಿಯವಂಗ ಕೊಡೂ ಮೊದಲ ಒಮ್ಮೆ ಪರೀಕ್ಷಾ ಮಾಡಿಸ್ರಿ. ಹೊಂದಿದ್ರ ಇನ್ನೊಂದ ತಲಿಮಾರು ಬಾಳ್ತದ. ಹೊಂದಲಿಲ್ಲಂದ್ರ ನೆನಪಿಗೆ ಇಡ್ರಿ, ಮಾರಿಗೆ ಬ್ಯಾಡ.