ಎಸಿ ಗುಂಡಿ ಎಲ್ಲಪ್ಪ?

ಬಿಇ ಪ್ರಾಜೆಕ್ಟ್‌ಗಾಗಿ ನಾವು ನಾಲ್ವರು, ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಸ್ಮಾರ್ಟ್ ಕಾರಿನ ಡ್ಯಾಶ್‌ಬೋರ್ಡ್ ವಿನ್ಯಾಸ ಮಾಡಿದೆವು. ಗುಂಡಿಗಳಿಲ್ಲ, ದೊಡ್ಡ ಟಚ್‌ಸ್ಕ್ರೀನ್ ಮಾತ್ರ. ಪಕ್ಕದ ಮನೆಯ ಕ್ಯಾಬ್ ಚಾಲಕರಿಗೆ ತೋರಿಸಿದರೆ, ‘ಎಸಿ ಗುಂಡಿ ಎಲ್ಲಪ್ಪ? ರೋಡ್ ನೋಡ್ಲಾ, ಇದನ್ನ ನೋಡ್ಲಾ?’ ಎಂದರು.

ಬೇರೆ ಬೇರೆ ದೇಶಗಳ ವಿನ್ಯಾಸಕರು ವಿಆರ್ ಕನ್ನಡಕ ಧರಿಸಿ ಒಂದೇ ಕಾರನ್ನು ಒಟ್ಟಿಗೆ ಚಿತ್ರಿಸುವ ‘ಗ್ರಾವಿಟಿ ಸ್ಕೆಚ್’ ಸಾಧನವನ್ನು ಫೋರ್ಡ್ 2019ರಲ್ಲೇ ಪ್ರಯೋಗಿಸಿತ್ತು. ಇಂಥ ಸಾಧನಗಳು ವಿನ್ಯಾಸಕರನ್ನು ಹತ್ತಿರ ತಂದವು. ಚಾಲಕರು ಮಾತ್ರ ಹೊರಗೇ ಉಳಿದರೆನಿಸುತ್ತದೆ. ಹಾರ್ನ್, ವೈಪರ್, ಇಂಡಿಕೇಟರ್‌ಗಳಿಗೆ ಕೈಗೆ ಸಿಗುವ ಗುಂಡಿಯೋ ಲಿವರೋ ಇಲ್ಲದ ಕಾರಿಗೆ 2026ರಿಂದ ಪೂರ್ಣ ಅಂಕವಿಲ್ಲ ಎಂದು ಯುರೋಪಿನ ಸುರಕ್ಷತಾ ಸಂಸ್ಥೆ ಯೂರೋ ಎನ್‌ಕ್ಯಾಪ್ ಹೇಳಬೇಕಾಯಿತು.

ತಂತ್ರಾಂಶವನ್ನು ಯಾರು ಬೇಕಾದರೂ ಕಲಿಯಬಹುದು. ಕೆಲಸ ಹುಡುಕುವ ನಾವು ಬಳಸುವವರ ಮಾತು ಕೇಳುವುದನ್ನೂ ಕಲಿಯಬೇಕು. ನಮ್ಮ ಡ್ಯಾಶ್‌ಬೋರ್ಡ್‌ಗೆ ಗುಂಡಿಗಳು ಮರಳಿವೆ.