ದೂರದ ಗಿರಾಕಿ

ಕಬ್ಬಿಣದ ಅದಿರು ಭಾರದ ಸರಕು, ಅಗ್ಗದ ಸರಕು. ಅದನ್ನು ಬ್ರೆಜಿಲ್‌ನಿಂದ ಜಪಾನಿಗೆ, ಭೂಮಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ, ಸುಮಾರು 20 ಸಾವಿರ ಕಿಲೋಮೀಟರ್ ಸಾಗಿಸಿ ಲಾಭ ಮಾಡಬಹುದೆಂದು ನಂಬುವವರು 1960ರ ಸುಮಾರಿನಲ್ಲಿ ಕಡಿಮೆ. ಅದಿರಿನ ಬೆಲೆಗಿಂತ ಹಡಗಿನ ಬಾಡಿಗೆಯೇ ಹೆಚ್ಚಾಗುವ ದಾರಿ ಅದು. ಇಂದು ‘ವಾಲೆ’ ಎಂದು ಹೆಸರಾದ ಬ್ರೆಜಿಲ್‌ನ ಗಣಿ ಕಂಪನಿಯ ಮುಖ್ಯಸ್ಥರಾಗಿದ್ದ ಎಂಜಿನಿಯರ್ ಎಲಿಯೆಜರ್ ಬತಿಸ್ತ ನಂಬಿದರು. ಒಂದು ಲಕ್ಷ ಟನ್ನಿಗೂ ಮೀರಿದ ಹಡಗುಗಳು ಬಂದರೆ ಟನ್ನಿಗೆ ಬೀಳುವ ಖರ್ಚು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಅಂಥ ಹಡಗು ನಿಲ್ಲುವ ಬಂದರು ಬ್ರೆಜಿಲ್‌ನಲ್ಲಿ ಇರಲಿಲ್ಲ. ಬಂದರು ಕಟ್ಟಲು ಬೇಕಾದ ಹಣವೂ ಇರಲಿಲ್ಲ.

ಇದ್ದದ್ದು ಗಿರಾಕಿ ಮಾತ್ರ. 1962ರಲ್ಲಿ ಜಪಾನಿನ ಉಕ್ಕಿನ ಕಾರ್ಖಾನೆಗಳು 15 ವರ್ಷಗಳ ಅವಧಿಗೆ 5 ಕೋಟಿ ಟನ್ ಅದಿರು ಕೊಳ್ಳುವ ಕರಾರಿಗೆ ಸಹಿ ಹಾಕಿದವು. ಆ ಕಾಗದವೇ ಸಾಲಕ್ಕೆ ಭದ್ರತೆಯಾಯಿತು. 1966ರಲ್ಲಿ ವಿತೋರಿಯಾ ನಗರದ ಪಕ್ಕದ ತುಬರಾವ್‌ನಲ್ಲಿ ಹೊಸ ಬಂದರು ತೆರೆಯಿತು. ಜಪಾನಿನಲ್ಲಿ ಅದಿರು ಇಳಿಸಿದ ಹಡಗು ಬರಿದಾಗಿ ಮರಳಿದರೆ ನಷ್ಟ. ಹಾಗಾಗಿ ಅದಿರನ್ನೂ ಎಣ್ಣೆಯನ್ನೂ ಹೊರಬಲ್ಲ ಹಡಗುಗಳು ಬಂದವು. ಮರಳುವಾಗ ಪರ್ಷಿಯನ್ ಕೊಲ್ಲಿಯಲ್ಲಿ ಕಚ್ಚಾ ತೈಲ ತುಂಬಿಕೊಂಡು ಬ್ರೆಜಿಲ್‌ಗೆ ತಂದವು. ಎರಡು ದೇಶಗಳ ವ್ಯಾಪಾರವನ್ನು ಲಾಭಕ್ಕೆ ತಂದುದರಲ್ಲಿ ಮೂರನೆಯ ನಾಡಿನ ಸರಕಿಗೂ ಪಾಲಿತ್ತು.

ದೂರದ ದೇಶಗಳ ನಡುವಿನ ವ್ಯಾಪಾರಾವಕಾಶದ ಚರ್ಚೆ ಸಾಮಾನ್ಯವಾಗಿ ಸುಂಕದ ಸುತ್ತ ಸುತ್ತುತ್ತದೆ. ಎಷ್ಟು ಸರಕಿಗೆ ಸುಂಕ ಇಳಿಯಿತು, ವಹಿವಾಟು ಎಷ್ಟು ಪಟ್ಟು ಬೆಳೆಯಬಹುದು ಎಂಬುದೇ ಮುಖ್ಯವಾಗುತ್ತದೆ. ಸುಂಕ ಮುಖ್ಯ ನಿಜ. ಆದರೆ ಆ ನಂಟು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವ ಪ್ರಶ್ನೆಗಳು ಬೇರೆ. ಕೊಳ್ಳುವವನು ಮಾರುವವನ ನೆಲದಲ್ಲಿ ಎಷ್ಟು ಹಣ ಹೂಡಿದ್ದಾನೆ? ಅವನು ಕೈಬಿಟ್ಟರೆ ಅದೇ ಸರಕನ್ನು ಕೊಳ್ಳುವ ಇನ್ನೊಬ್ಬ ಇದ್ದಾನೆಯೆ?

ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. 1975ರಲ್ಲಿ ಇರಾನಿನ ಶಾ ಸರ್ಕಾರ ಕುದುರೆಮುಖದ ಅದಿರಿಗಾಗಿ ಭಾರತದೊಂದಿಗೆ ಒಪ್ಪಂದ ಮಾಡಿಕೊಂಡಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರನ್ನು ಕೊಳ್ಳುವುದು ಎಂದು ಮಾತಾಯಿತು. ಜಪಾನ್–ಬ್ರೆಜಿಲ್ ದೂರದ ಎದುರು ಮಂಗಳೂರು–ಇರಾನ್ ದೂರ ಪಕ್ಕದ ಮನೆಯಷ್ಟು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಪಶ್ಚಿಮ ಘಟ್ಟದ ಆ ಮಳೆಯಲ್ಲಿ ಕೆಲಸಗಾರರು ಗಣಿ, ಲಕ್ಯಾ ಅಣೆಕಟ್ಟು, ಘಟ್ಟ ಇಳಿದು ಪಣಂಬೂರಿಗೆ ಬರುವ 67 ಕಿಲೋಮೀಟರ್ ಕೊಳವೆ ಮಾರ್ಗ ಎಲ್ಲವನ್ನೂ ಕಟ್ಟಿ 1980ರಲ್ಲಿ ಮುಗಿಸಿದರು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟಾಗಿತ್ತು. ಸಾಲದ ಕಂತು ಅರ್ಧಕ್ಕೂ ಮೊದಲೇ ನಿಂತಿತ್ತು; ಅದಿರು ಕೊಳ್ಳುವವರು ಇರಲಿಲ್ಲ.

ಕ್ರಾಂತಿಯನ್ನು ಯಾರೂ ಮುಂಗಾಣಲಾರರು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ದೋಷ ಯೋಜನೆಯ ಒಳಗೇ ಇತ್ತು. ಕುದುರೆಮುಖದ್ದು ಕಡಿಮೆ ಕಬ್ಬಿಣಾಂಶದ ಅದಿರು. ಅದನ್ನು ಹಿಟ್ಟಿನಂತೆ ಅರೆದು, ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಹರಿಸಬೇಕಿತ್ತು. ಹಾಗೆ ಬಂದ ನುಣ್ಣನೆಯ ಪುಡಿಯನ್ನು ಉಂಡೆ ಕಟ್ಟದೆ ಊದುಕುಲುಮೆಗೆ ಹಾಕಲಾಗದು. ಉಂಡೆ ಕಟ್ಟುವ ಕಾರ್ಖಾನೆ ಇಲ್ಲಿ ಇರಲಿಲ್ಲ. ಒಬ್ಬನೇ ಗಿರಾಕಿಗಾಗಿ, ಅವನ ಅಗತ್ಯದ ಅಳತೆಗೆ ಮಾಡಿದ ಸರಕು ಅದು. ಮಂಗಳೂರಿನಲ್ಲಿ ಉಂಡೆ ಕಾರ್ಖಾನೆ ಶುರುವಾದದ್ದು 1987ರಲ್ಲಿ. ಆಮೇಲಷ್ಟೇ ಕಂಪನಿಗೆ ಹಲವು ದೇಶಗಳ ಮಾರುಕಟ್ಟೆ ಸಲೀಸಾಗಿ ತೆರೆಯಿತು. ಆ ಕಾರ್ಖಾನೆಯನ್ನು ಮೊದಲ ದಿನದಿಂದಲೇ ಯೋಜನೆಯಲ್ಲಿ ಸೇರಿಸಿದ್ದರೆ ಖರ್ಚು ಹೆಚ್ಚುತ್ತಿತ್ತು, ಆದರೆ ತೆಹರಾನಿನಲ್ಲಿ ಸರ್ಕಾರ ಬದಲಾದ ಪೆಟ್ಟು ಘಟ್ಟದ ಮೇಲಿನ ಗಣಿಗೆ ಅಷ್ಟು ನೇರವಾಗಿ ಬೀಳುತ್ತಿರಲಿಲ್ಲ. ಭದ್ರೆಯ ಮೂಲದ ಆ ಕಾಡು ತೆತ್ತ ಬೆಲೆ ಈ ಯಾವ ಲೆಕ್ಕದಲ್ಲೂ ಸೇರಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಇನ್ನು ಮೊದಲನೆಯ ಪ್ರಶ್ನೆ, ಕೊಳ್ಳುವವನ ಹೂಡಿಕೆಯದು. ಜಪಾನ್ ಬ್ರೆಜಿಲ್‌ನಲ್ಲಿ ಅದಿರಿಗಷ್ಟೇ ನಿಲ್ಲಲಿಲ್ಲ. 1908ರಲ್ಲಿ ‘ಕಸಾತೊ ಮಾರು’ ಹಡಗಿನಲ್ಲಿ ಕಾಫಿ ತೋಟಗಳ ಕೂಲಿಗಾಗಿ ಬಂದಿಳಿದ ಜಪಾನಿ ಕುಟುಂಬಗಳ ಸಂತತಿ ಅಲ್ಲಿ ಬೆಳೆದಿತ್ತು. ಎರಡೂ ಸಮಾಜಗಳನ್ನು ಬಲ್ಲ ಜನರಿದ್ದರು. ಉಸಿಮಿನಾಸ್ ಉಕ್ಕಿನ ಕಾರ್ಖಾನೆಯಲ್ಲಿ ಆರಂಭದಲ್ಲಿ ಶೇ. 40ರಷ್ಟು ಬಂಡವಾಳ ಜಪಾನಿನದು. 1962ರಲ್ಲಿ ಅದು ಉತ್ಪಾದನೆ ಶುರುಮಾಡಿತು. ಅದಿರು ಕೊಳ್ಳುವ ದೇಶವೇ ಮಾರುವ ದೇಶಕ್ಕೆ ಉಕ್ಕು ಮಾಡುವುದನ್ನೂ ಕಲಿಸಿತು ಎಂಬುದು ಈ ನಂಟಿನ ಅತ್ಯಂತ ಗೌರವದ ಅಧ್ಯಾಯ.

ಮುಂದಿನ ಅಧ್ಯಾಯ ಸೋಯಾದ್ದು. 1973ರಲ್ಲಿ ಅಮೆರಿಕದಲ್ಲಿ ಬೆಲೆ ಏರಿದಾಗ ನಿಕ್ಸನ್ ಸರ್ಕಾರ ಸೋಯಾ ರಫ್ತನ್ನು ಕೆಲಕಾಲ ತಡೆಯಿತು. ಸೋಯಾದಿಂದ ಮಾಡುವ ತೋಫು, ಮಿಸೊ, ಶೋಯು ಇಲ್ಲದೆ ಊಟವೇ ಇಲ್ಲದ ಜಪಾನಿಗೆ ಬೇಕಾದ ಸೋಯಾದ ಬಹುಪಾಲು ಅಮೆರಿಕದಿಂದಲೇ ಬರುತ್ತಿತ್ತು. ಮರುವರ್ಷ ಪ್ರಧಾನಿ ಕಾಕುಯೆ ತನಾಕಾ ಬ್ರೆಜಿಲ್‌ಗೆ ಹೋದರು. 1979ರಿಂದ 2001ರವರೆಗೆ ಎರಡೂ ದೇಶಗಳು ಸೇರಿ ಸೆರ್ರಾದೊ ಎಂಬ ಹುಲ್ಲುಬಯಲಿನಲ್ಲಿ ಕೃಷಿ ಯೋಜನೆ ನಡೆಸಿದವು. ಹುಳಿ ಮಣ್ಣಿಗೆ ಸುಣ್ಣ ಹಾಕಿ ಹದಮಾಡುವುದು, ಉಷ್ಣವಲಯಕ್ಕೆ ಒಗ್ಗುವ ಸೋಯಾ ತಳಿ ತರುವುದು — ಇದರಲ್ಲಿ ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ದುಡಿಮೆ ದೊಡ್ಡದು.

ಬ್ರೆಜಿಲ್ ಇಂದು ಜಗತ್ತಿಗೆ ಅತಿ ಹೆಚ್ಚು ಸೋಯಾ ಮಾರುವ ದೇಶ. ಅದನ್ನು ಅತಿ ಹೆಚ್ಚು ಕೊಳ್ಳುವುದು ಮಾತ್ರ ಜಪಾನಲ್ಲ, ಚೀನಾ. ಹಾಗಾದರೆ ಜಪಾನ್ ಹೂಡಿದ್ದು ನೀರಿನಲ್ಲಿ ಹೋಯಿತೆ? ಇಲ್ಲ. ಜಪಾನಿಗೆ ಬೇಕಾಗಿದ್ದುದು ಅಮೆರಿಕವೊಂದನ್ನೇ ನೆಚ್ಚಿಕೊಳ್ಳದ ಮಾರುಕಟ್ಟೆ, ಅದು ಸಿಕ್ಕಿತು. ಬ್ರೆಜಿಲ್‌ನ ರೈತನಿಗೆ ಜಪಾನಿನಾಚೆಗೂ ಗಿರಾಕಿ ಸಿಕ್ಕಿದ. ನಷ್ಟವಾದದ್ದು ಸೆರ್ರಾದೊಗೆ: ಅದರ ಸಹಜ ಸಸ್ಯಸಂಪತ್ತಿನಲ್ಲಿ ಸುಮಾರು ಅರ್ಧ ಅಳಿದಿದೆ. ಕುದುರೆಮುಖದ ಕಾಡಿನಂತೆ ಅದೂ ಒಪ್ಪಂದದ ಮೇಜಿನಲ್ಲಿ ಕುಳಿತಿರಲಿಲ್ಲ. ಇನ್ನು ಮುಂದೆ ಆಗುವ ಯಾವುದೇ ಒಪ್ಪಂದದಲ್ಲಿ ಈ ಲೆಕ್ಕ ಮೊದಲೇ ಬರಬೇಕು.

ಭಾರತ ಈಗ ಕೊಳ್ಳುವವನ ಜಾಗದಲ್ಲಿ ಕುಳಿತಿದೆ. 2024ರ ಜನವರಿಯಲ್ಲಿ ಸರ್ಕಾರಿ ಒಡೆತನದ ‘ಕಾಬಿಲ್’ ಕಂಪನಿ ಅರ್ಜೆಂಟೀನಾದ ಕತಮಾರ್ಕ ಪ್ರಾಂತ್ಯದಲ್ಲಿ ಲಿಥಿಯಂ ಹುಡುಕಲು 15,703 ಹೆಕ್ಟೇರಿನ ಐದು ಬ್ಲಾಕುಗಳಿಗೆ ಒಪ್ಪಂದ ಮಾಡಿಕೊಂಡಿತು. ಈವರೆಗೆ ಆ ದೇಶದಿಂದ ಭಾರತಕ್ಕೆ ಬರುವ ಸರಕಿನಲ್ಲಿ ಸಿಂಹಪಾಲು ಸೋಯಾ ಎಣ್ಣೆಯದು. ಒಂದೇ ಸರಕಿನ ನಂಟಿಗೆ ಎರಡನೆಯ ಎಳೆ ಸೇರುತ್ತಿರುವುದು ಒಳ್ಳೆಯದೇ. ಆದರೆ ಲಿಥಿಯಂ ಸಿಕ್ಕಿದ ಮೇಲಿನ ಕೆಲಸ ದೊಡ್ಡದು. ಅದನ್ನು ಬ್ಯಾಟರಿಗೆ ಒಗ್ಗುವ ರಾಸಾಯನಿಕವಾಗಿ ಸಂಸ್ಕರಿಸುವುದರಲ್ಲಿ ಚೀನಾ ಎಲ್ಲರಿಗಿಂತ ಬಹಳ ಮುಂದಿದೆ. ಆ ಕಾರ್ಖಾನೆ ಕತಮಾರ್ಕದಲ್ಲೋ ಭಾರತದಲ್ಲೋ ಏಳದಿದ್ದರೆ, ಗಣಿ ನಮ್ಮದಾದರೂ ದರ ಕಟ್ಟುವವರು ಬೇರೆಯವರಾಗುತ್ತಾರೆ. ಆಂಡಿಸ್‌ನ ಉಪ್ಪುಬಯಲುಗಳಲ್ಲಿ ನೀರು ಅಪರೂಪ. ಲಿಥಿಯಂಗಾಗಿ ಉಪ್ಪುನೀರನ್ನು ಮೇಲೆತ್ತುವುದಕ್ಕೆ ಅಲ್ಲಿನ ಮೂಲನಿವಾಸಿ ಸಮುದಾಯಗಳಿಂದ ಈಗಾಗಲೇ ವಿರೋಧವಿದೆ. ಅವರ ಒಪ್ಪಿಗೆಯಿಲ್ಲದ ಗಣಿ ಭಾರತಕ್ಕೂ ಭದ್ರವಲ್ಲ.

ಸಾಗಣೆಯ ಮಾತೂ ಇದೆ. ಏಷ್ಯಾದತ್ತ ಹೊರಡುವ ಸರಕಿಗೆ ಕತಮಾರ್ಕದಿಂದ ಹತ್ತಿರದ ಸಾಗರ ಪೆಸಿಫಿಕ್. ಅಲ್ಲಿಗೆ ಲಾರಿಗಳು ಆಂಡಿಸ್ ದಾಟಿ ಚಿಲಿಯ ಬಂದರು ಸೇರಬೇಕು. ಚಿಲಿಯೊಂದಿಗೆ ಭಾರತಕ್ಕೆ 2007ರಿಂದ ಜಾರಿಯಲ್ಲಿರುವ ಆದ್ಯತಾ ವ್ಯಾಪಾರ ಒಪ್ಪಂದವಿದೆ, ಅದನ್ನು ಹಿಗ್ಗಿಸುವ ಮಾತುಕತೆಯೂ ನಡೆದಿದೆ. ಅರ್ಜೆಂಟೀನಾದ ಗಣಿ ಮತ್ತು ಚಿಲಿಯ ಬಂದರು ಬೇರೆ ಬೇರೆ ಕಡತಗಳಲ್ಲಿ ಉಳಿಯಬಾರದು. ಮರಳಿ ಹೋಗುವ ಹಡಗಿನಲ್ಲಿ ಭಾರತದ ಔಷಧಿ, ವಾಹನ, ಯಂತ್ರಗಳು ಇರಬೇಕಾದರೆ ಆ ಮಾತುಕತೆ ಲಿಥಿಯಂ ಮೇಲೆ ಬರುವ ಮುನ್ನವೇ ಮುಗಿಯಬೇಕು.