ಮನೆಯ ಮುಂದಣ ಗೆರೆ

ಮನೆಯೊಳಗಿನ ವ್ಯವಹಾರಗಳನ್ನು ಕುರಿತು ಈ ಪುಟದಲ್ಲಿ ಹಲವು ಸಲ ಬರೆದಿದ್ದೇವೆ. ಈ ತಿಂಗಳು ಹೊಸ್ತಿಲನ್ನು ದಾಟಿ, ಬೀದಿಯಲ್ಲಿ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ. ಇದರಲ್ಲಿ ನಮ್ಮ ತಪ್ಪೂ ಸೇರಿರುವುದರಿಂದ ಹೇಳಲು ಸ್ವಲ್ಪ ಸಂಕೋಚವೇ. ಆದರೂ ನಾಲ್ವರಿಗೆ ಉಪಯೋಗವಾದೀತೆಂದು ಹೇಳಬೇಕಾಗಿದೆ.

ನಾವಿರುವ ಅಡ್ಡರಸ್ತೆಯು ಇಪ್ಪತ್ತು ಅಡಿ ಅಗಲದ್ದು. ಮನೆಗಳು ಎದ್ದ ಕಾಲದಲ್ಲಿ ಬೀದಿಗೆಲ್ಲ ಎರಡೋ ಮೂರೋ ಸ್ಕೂಟರುಗಳಿದ್ದುವು. ಈಗ ಮನೆಗೊಂದು ಕಾರು. ನಮ್ಮ ಮಗನದೂ ಒಂದು. ಅಂಗಳವನ್ನು ಕಟ್ಟಡವೇ ನುಂಗಿರುವುದರಿಂದ ಕಾರುಗಳೆಲ್ಲ ಬೀದಿಯ ಎರಡು ಪಕ್ಕಗಳಲ್ಲಿಯೂ ನಿಲ್ಲುತ್ತವೆ. ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಸಾಲಿನ ವೃದ್ಧೆಯೊಬ್ಬರಿಗೆ ಉಬ್ಬಸವು ಉಲ್ಬಣಿಸಿತು. ಆಂಬುಲೆನ್ಸು ಬೇಗನೆಯೇ ಬಂದಿತು. ಆದರೆ ಮೂಲೆಯನ್ನು ತಿರುಗಲಾರದೆ ಅಲ್ಲಿಯೇ ನಿಂತಿತು. ಆಕೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಮಳೆಯಲ್ಲಿ, ಕಾರುಗಳ ಸಂದಿಯಲ್ಲಿ ಹೊತ್ತು ಒಯ್ಯಬೇಕಾಯಿತು. ದೈವಕೃಪೆಯಿಂದ ಆಕೆ ಗುಣಹೊಂದಿ ಮನೆಗೆ ಮರಳಿದರು. ಆದರೆ ಆ ಕುರ್ಚಿಯ ಒಂದು ಕಾಲನ್ನು ಹಿಡಿದಿದ್ದ ನಾವು ಆ ಹತ್ತು ನಿಮಿಷಗಳನ್ನು ಇನ್ನೂ ಮರೆತಿಲ್ಲ.

ಮರುದಿನ ಬೀದಿಯವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ಒಂದು ಪಕ್ಕದಲ್ಲಿ ಹಳದಿ ಗೆರೆಯನ್ನು ಹಾಕಿಸಿ, ಆ ಕಡೆ ವಾಹನಗಳು ನಿಲ್ಲದಂತೆ ಮಾಡಿಸಬೇಕೆಂದು ತೀರ್ಮಾನವಾಯಿತು. ಅರ್ಜಿ ಬರೆಯುವ ಕೆಲಸವು ವಾಡಿಕೆಯಂತೆ ನಿವೃತ್ತ ಉಪಾಧ್ಯಾಯರ ಪಾಲಿಗೆ ಬಂದಿತು. ಪೌರಸಭೆಯ ಕಚೇರಿಯಲ್ಲಿ, ಗೆರೆಯ ವಿಷಯವನ್ನು ನಿರ್ಣಯಿಸತಕ್ಕವರು ಸಂಚಾರದ ಪೋಲೀಸಿನವರೆಂದರು. ಠಾಣೆಯಲ್ಲಿ, ರಸ್ತೆಯೂ ಬಣ್ಣವೂ ಪೌರಸಭೆಯವೆಂದರು. ಹೀಗೆ ಮೂರು ತಿಂಗಳು ಅಲೆದೆವು. ಚಪ್ಪಲಿ ಸವೆಯಿತೇ ಹೊರತು ಗೆರೆ ಮೂಡಲಿಲ್ಲ.

ಕಡೆಗೊಂದು ದಿನ ಕಿರಿಯ ಇಂಜಿನಿಯರೊಬ್ಬರು ಅಳತೆಯ ಟೇಪನ್ನು ಹಿಡಿದು ಬಂದರು. ನಮ್ಮ ಮನೆಯ ಮುಂದೆ ನಿಂತು, ವಿನಯದಿಂದಲೇ, "ಮೇಷ್ಟ್ರೇ, ಗೆರೆ ಹಾಕಿಸೋಣ, ಎಲ್ಲಿ ಹಾಕಿಸಲಿ, ಹೇಳಿ" ಎಂದರು. ಕಾಂಪೌಂಡಿನ ಹೊರಗೆ ನಮ್ಮ ಮನೆಯವರು ಪ್ರೀತಿಯಿಂದ ಬೆಳೆಸಿದ ಹೂಕುಂಡಗಳು. ಅವುಗಳ ಕಾವಲಿಗೆ ನಾವೇ ಸುಣ್ಣ ಬಳಿದು ನಿಲ್ಲಿಸಿದ ಎರಡು ಗುಂಡುಕಲ್ಲುಗಳು. ಅಳೆದರೆ ಎರಡೂವರೆ ಅಡಿ. ಎದುರು ಮನೆಯವರ ಇಳಿಜಾರು ಕಲ್ಲೂ ಅಷ್ಟೆ. ಇಪ್ಪತ್ತರಲ್ಲಿ ಐದು ಹೋದರೆ ಹದಿನೈದು. ಎರಡು ಕಾರುಗಳಿಗೆ ಹನ್ನೆರಡು. ಉಳಿದುದು ಮೂರೇ ಅಡಿ. ಮಕ್ಕಳಿಗೆ ಬಹುಕಾಲ ಕಳೆಯುವ ಲೆಕ್ಕವನ್ನು ಹೇಳಿಕೊಟ್ಟ ನಮಗೆ ಈ ಲೆಕ್ಕವು ಅದುವರೆಗೆ ತೋಚಿರಲಿಲ್ಲ. ಕಾರುಗಳನ್ನು ಬೀದಿಯ ನಡುವಿಗೆ ತಳ್ಳಿದವರಲ್ಲಿ ನಾವೂ ಒಬ್ಬರು.

ನಮ್ಮ ಗೇಟಿನ ಮೇಲೆ "ವಾಹನ ನಿಲ್ಲಿಸಕೂಡದು" ಎಂಬ ಹಲಗೆಯೂ ತೂಗುತ್ತಿತ್ತು. ಅದರ ಬಲವೆಷ್ಟೆಂದು ವಿಚಾರಿಸಿದೆವು. 1988ರ ಮೋಟಾರು ವಾಹನ ಕಾಯಿದೆಯಲ್ಲಿ ರಸ್ತೆಯ ಮೇಲಣ ಗೆರೆಯೂ ಸಂಚಾರ ಚಿಹ್ನೆಯೇ. ಅಂಥ ಚಿಹ್ನೆಗಳನ್ನು ಸ್ಥಾಪಿಸುವ ಅಧಿಕಾರವನ್ನು 116ನೆಯ ಕಲಮು ಸರ್ಕಾರಕ್ಕೂ ಸರ್ಕಾರದಿಂದ ಅಧಿಕಾರ ಪಡೆದವರಿಗೂ ಕೊಟ್ಟಿದೆಯೇ ಹೊರತು ಮನೆಯ ಯಜಮಾನರಿಗಲ್ಲ. ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ವಾಹನ ನಿಲ್ಲಿಸುವುದನ್ನು 2017ರ ವಾಹನ ಚಾಲನಾ ನಿಯಮಗಳು ನಿಷೇಧಿಸುತ್ತವೆ, ನಿಜ. ಆದರೆ ನಿಯಮವು ಕಾಯುವುದು ಗೇಟನ್ನು. ಗೋಡೆಯ ಉದ್ದಕ್ಕೂ ಇರುವ ಬೀದಿಯು ನಮ್ಮದೆಂದು ಅದು ಹೇಳುವುದಿಲ್ಲ. ಬೆಂಗಳೂರಿಗಾಗಿ 2021ರಲ್ಲಿ ಒಪ್ಪಿಗೆ ಪಡೆದ ನಿಲುಗಡೆಯ ನೀತಿಯಲ್ಲಂತೂ, ವಸತಿಯ ಬೀದಿಗಳಲ್ಲಿ ಕಾರು ನಿಲ್ಲಿಸುವವರು ಅದರ ಗಾತ್ರಕ್ಕೆ ತಕ್ಕಂತೆ ವರ್ಷಕ್ಕೆ 1,000ದಿಂದ 5,000 ರೂಪಾಯಿಗಳವರೆಗೆ ಕೊಟ್ಟು ಪರವಾನಗಿ ಪಡೆಯುವ ಏರ್ಪಾಡನ್ನು ಸೂಚಿಸಿದ್ದಾರೆ. ಸ್ವಂತದ ನೆಲಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲವಷ್ಟೆ.

ಇದು ಹೊಸ ಧರ್ಮವೇನೂ ಅಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕಿತ್ತ ಕೌಟಿಲ್ಯನ ಅರ್ಥಶಾಸ್ತ್ರವು, ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ದಾರಿಯನ್ನು ತಡೆದವನಿಗೆ 12 ಪಣಗಳ ದಂಡವನ್ನೂ, ದೊಡ್ಡ ಪಶುಗಳ ದಾರಿಯನ್ನು ತಡೆದವನಿಗೆ 24 ಪಣಗಳ ದಂಡವನ್ನೂ ವಿಧಿಸಿದೆ. ಆ ಗ್ರಂಥವನ್ನು ನಾವು ಓದಿಲ್ಲದೆ ಇರಲಿಲ್ಲ. ದಂಡ ತೆರಬೇಕಾದವರು ಎದುರು ಮನೆಯವರೆಂದು ಮಾತ್ರ ಎಣಿಸಿದ್ದೆವು.

ಆ ಸಂಜೆಯೇ ಕುಂಡಗಳು ತಾರಸಿಗೆ ಏರಿದುವು, ಕಲ್ಲುಗಳು ಹಿತ್ತಿಲಿಗೆ ಹೋದುವು, ಹಲಗೆಯನ್ನು ಇಳಿಸಿದೆವು. ಮನೆಯವರು ಎರಡು ದಿನ ಮುನಿಸಿಕೊಂಡಿದ್ದರು. ಎದುರು ಮನೆಯವರು ಏನೂ ಹೇಳದೆ ನೋಡುತ್ತಿದ್ದು, ಎರಡು ವಾರಗಳಲ್ಲಿ ತಮ್ಮ ಇಳಿಜಾರನ್ನು ತೆಗೆಸಿದರು. ಈಗ ಕಾರುಗಳು ಒಂದೇ ಪಕ್ಕದಲ್ಲಿ ನಿಲ್ಲುತ್ತವೆ. ಜಾಗ ಸಾಲದವರು ಅಗಲವಾದ ದೊಡ್ಡ ಬೀದಿಗೆ ಹೋಗಿ, ಗೊಣಗುತ್ತ ನಡೆದು ಬರುತ್ತಾರೆ. ನಮ್ಮ ಮಗನೂ ಅವರಲ್ಲೊಬ್ಬ.

ಹಾಗೆಂದು ಪೌರಸಭೆಯ ಹೊಣೆ ತೀರಿತೆಂದಲ್ಲ. ನೆರೆಯವರ ಒಪ್ಪಂದವು ಮನೆಗಳು ಕೈಬದಲಾದಂತೆ ಸಡಿಲವಾದೀತು; ಗೆರೆಯು ಹಾಗಾಗದು. ಆದುದರಿಂದ ನಮ್ಮ ಅರ್ಜಿಯನ್ನು ಬಿಟ್ಟಿಲ್ಲ. ಇಂಥ ತೊಂದರೆಯುಳ್ಳ ವಾಚಕರು ಬಾಯಿಮಾತಿನಲ್ಲಿ ಜಗಳವಾಡದೆ, ಬೀದಿಯ ಅಳತೆಯನ್ನು ಬರೆದು, ಅರ್ಜಿಯನ್ನು ಕೊಟ್ಟು, ಸ್ವೀಕೃತಿಯನ್ನು ಪಡೆದುಕೊಳ್ಳಲಿ. ಉತ್ತರ ಬಾರದಿದ್ದರೆ, ಅರ್ಜಿಯ ಮೇಲೆ ಏನು ಕ್ರಮ ನಡೆಯಿತೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಲಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು.

ಆದರೆ ಅಳೆಯುವ ಟೇಪನ್ನು ಮೊದಲು ತಮ್ಮ ಗೇಟಿನ ಮುಂದೆಯೇ ಹಿಡಿಯಲಿ. ಆ ವೃದ್ಧೆ ಈಗ ಸಂಜೆಯ ಹೊತ್ತು ಕೋಲೂರಿಕೊಂಡು ನಮ್ಮ ಮನೆಯ ಮುಂದೆ ನಡೆದುಹೋಗುತ್ತಾರೆ. ಕುಂಡಗಳಿದ್ದ ಜಾಗದಲ್ಲಿಯೇ ಅವರ ದಾರಿ.